ಹಿಂದಿನ ಬೆಂಚಿನ ಆ ಐವರಿಗೆ ಗಣಿತ ಹೇಗೆ ಹೇಳಲಿ?

ಪ್ರಶ್ನೆ:
ಏಳನೆಯ ತರಗತಿಗೆ ಗಣಿತ ಹೇಳುತ್ತೇನೆ. ಹಿಂದಿನ ಬೆಂಚಿನ ಐವರು ಗಲಾಟೆ ಮಾಡುವುದಿಲ್ಲ, ಮಾಡಿದ್ದರೆ ಒಳ್ಳೆಯದಿತ್ತು. ಹಲಗೆಯ ಮೇಲಿರುವುದನ್ನು ಅಂದವಾಗಿ ನಕಲು ಮಾಡಿಕೊಳ್ಳುತ್ತಾರೆ, ಪ್ರಶ್ನೆ ಕೇಳಿದ ಕೂಡಲೇ ತಲೆ ತಗ್ಗಿಸುತ್ತಾರೆ. ನಿನ್ನೆ ಒಬ್ಬಳು 1/2 + 1/3 = 2/5 ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಅವಳು ಪುಸ್ತಕ ಮುಚ್ಚಿದಳು. ಬಹುಮಾನ, ಚಪ್ಪಾಳೆ ಎಲ್ಲ ಆಯಿತು, ವಾರದೊಳಗೆ ಹಳಸಿದವು.

ಉತ್ತರ 1:
ಮೇಡಂ, ಆ 2/5 ಬಂಗಾರದಂಥ ಉತ್ತರ. ಗೀಟು ಎಳೆಯಬಾರದಿತ್ತು. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ! ‘ಕೂಡಿದರೆ ಕರಗಿದ್ದು ಹೇಗೆ?’ ಎಂದು ಇಡೀ ತರಗತಿಯನ್ನು ಕೇಳಿ, ಅವಳ ಹೆಸರು ಹೇಳದೆ. ಕಾಗದದ ಪಟ್ಟಿ ಮಡಚಿ ತಾವೇ ನೋಡಲಿ. ಕೇಳಿದ ಮೇಲೆ ಹತ್ತು ಸೆಕೆಂಡು ಬಾಯಿ ಬಿಡಬೇಡಿ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಉತ್ತರ 2:
ಬಹುಮಾನದಲ್ಲಿ ನನಗೂ ನಂಬಿಕೆಯಿಲ್ಲ. ಕೊಲ್ಯಾಟ್ಸ್ ಆಟ ಕೊಡಿ: ಸಂಖ್ಯೆ ಸಮವಾದರೆ ಅರ್ಧ ಮಾಡು, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡು, ಬಂದ ಸಂಖ್ಯೆಗೂ ಮತ್ತೆ ಇದನ್ನೇ ಮಾಡು. 6 ಎಂಟೇ ಹೆಜ್ಜೆಗಳಲ್ಲಿ 1ಕ್ಕೆ ಇಳಿಯುತ್ತದೆ. 27 ಮಾತ್ರ 9232ರವರೆಗೆ ಹತ್ತಿ, 111 ಹೆಜ್ಜೆ ಹಾಕಿಸುತ್ತದೆ. ಎಲ್ಲ ಸಂಖ್ಯೆಗಳೂ 1ಕ್ಕೇ ಬರುತ್ತವೆಯೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಟೀಚರಿಗೂ ಉತ್ತರ ಗೊತ್ತಿಲ್ಲ ಎಂದಾಗ ಮಕ್ಕಳ ಮುಖ ನೋಡಬೇಕು!

ಪ್ರಶ್ನೆ ಕೇಳಿದವರು:
27 ಕೊಟ್ಟೆ. ಎರಡು ಕಡೆ ಲೆಕ್ಕ ತಪ್ಪಿತು, ಜಗಳವೂ ಆಯಿತು. ಪುಸ್ತಕ ಮುಚ್ಚಿದ್ದವಳೇ ‘ಮೇಡಂ, ಅದು ಬೆಸ ಸಂಖ್ಯೆ, ನೀವು ಅರ್ಧ ಮಾಡಿದ್ದೀರಿ’ ಎಂದು ನನ್ನನ್ನು ತಿದ್ದಿದಳು. ಉಳಿದ ನಾಲ್ವರು ಇನ್ನೂ ಮೌನ. ಪಟ್ಟಿ ಮಡಚುವುದು ಸೋಮವಾರಕ್ಕೆ.