ಸೈಕಲ್ ಫೋರ್ಕ್ ಬಾಗಿದೆ, ಬೆಂಡ್ ತೆಗೆಸಿ ಓಡಿಸಬಹುದಾ?

ಎರಡುಗಾಲಿ:
ಎಲ್ಲರಿಗೂ ನಮಸ್ಕಾರ. ತಮ್ಮನ ಸೈಕಲ್ ನೇರವಾಗಿ ಗೋಡೆಗೆ ಗುದ್ದಿದೆ. ಅವನಿಗೆ ಏನೂ ಆಗಿಲ್ಲ, ರಿಮ್ ಕೂಡ ಸರಿಯಾಗಿ ತಿರುಗುತ್ತಿದೆ, ಆದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದಕ್ಕೆ ಹೋದ ಹಾಗೆ ಕಾಣುತ್ತದೆ. ಹ್ಯಾಂಡಲ್ ತಿರುಗಿಸಿದರೆ ಶೂ ತುದಿ ಚಕ್ರಕ್ಕೆ ತಾಗುತ್ತದೆ, ಮೊದಲು ಹಾಗಿರಲಿಲ್ಲ. ಬೆಂಡ್ ತೆಗೆದು ಕೊಡುತ್ತೇವೆ ಅಂತ ಒಬ್ಬರು, ಮುಟ್ಟಲೇಬೇಡಿ ಅಂತ ಇನ್ನೊಬ್ಬರು. ಊಟದ ಫೋರ್ಕ್ ಬಾಗಿದರೆ ಕೈಯಲ್ಲೇ ನೆಟ್ಟಗೆ ಮಾಡಿ ಬಳಸುತ್ತೇವೆ ಅಲ್ವಾ, ಇದಕ್ಕೆ ಮಾತ್ರ ಯಾಕೆ ಇಷ್ಟು ಭಯ?

ಸ್ಪ್ಯಾನರ್ ಕೈ:
ಮೊದಲು ಒಂದು ಮ್ಯಾಗ್ನೆಟ್ ಇಟ್ಟು ನೋಡಿ. ಹಿಡಿದರೆ ಸ್ಟೀಲ್. ಹಿಡಿಯದಿದ್ದರೆ ಅಲ್ಯೂಮಿನಿಯಂ ಅಥವಾ ಕಾರ್ಬನ್ ಇರಬಹುದು, ಆಗ ಬೆಂಡ್ ತೆಗೆಯುವ ಮಾತೇ ಬೇಡ. ಅಲ್ಯೂಮಿನಿಯಂ ವಾಪಸ್ ಬಗ್ಗಿಸುವಾಗಲೇ ಬಿರುಕು ಬಿಡಬಹುದು. ಕಾರ್ಬನ್ ಬಾಗಿ ನಿಲ್ಲುವುದೇ ಇಲ್ಲ, ಒಳಗೊಳಗೇ ಪದರ ಬಿಟ್ಟಿರುತ್ತದೆ, ಹೊರಗೆ ಬಣ್ಣ ಚೆನ್ನಾಗಿದ್ದರೂ ನಂಬಬೇಡಿ.

ಸ್ಟೀಲ್ ಆದರೆ ಫೋರ್ಕ್ ಬಿಚ್ಚಿ. ಎರಡು ಕಾಲುಗಳಿಗಿಂತ ಮುಖ್ಯವಾಗಿ ಫ್ರೇಮ್ ಒಳಗೆ ಹೋಗುವ ಮೇಲಿನ ಪೈಪ್ ನೋಡಬೇಕು. ಅದರ ಬುಡದಲ್ಲಿ, ಕಾಲುಗಳು ಸೇರುವ ಜಾಗದ ಸ್ವಲ್ಪ ಮೇಲೆ, ಸ್ಟೀಲ್ ಸ್ಕೇಲ್ ಉದ್ದಕ್ಕೆ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಪೈಪ್ ಬಾಗಿದೆ. ಹಾಗೇ ಫ್ರೇಮಿನ ಕೆಳಗಿನ ಪೈಪ್ ಅಡಿಗೆ, ಹ್ಯಾಂಡಲ್ ಪೈಪಿಗೆ ಸೇರುವ ಜಾಗದ ಹಿಂದೆ, ಬೆರಳಾಡಿಸಿ. ಬಣ್ಣ ನೆರಿಗೆ ಕಟ್ಟಿದ್ದರೆ ಅಥವಾ ಸಣ್ಣ ಉಬ್ಬು ಸಿಕ್ಕರೆ ಫ್ರೇಮೇ ಹೋಗಿದೆ, ಹೊಸ ಫೋರ್ಕ್ ಹಾಕಿ ಪ್ರಯೋಜನವಿಲ್ಲ.

ಊಟದ ಫೋರ್ಕ್ ಬಗ್ಗೆ ಕೇಳಿದಿರಿ. ಲೋಹ ಒಂದು ಮಿತಿಯವರೆಗೆ ಬಾಗಿ ತಾನೇ ವಾಪಸ್ ಬರುತ್ತದೆ. ಮಿತಿ ದಾಟಿದರೆ ಹಾಗೇ ಉಳಿಯುತ್ತದೆ, ಬಾಗಿದ ಜಾಗ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಊಟದ ಫೋರ್ಕನ್ನೂ ಅದೇ ಕತ್ತಿನಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ, ಮುರಿಯುತ್ತದೆ. ಅದು ಮುರಿದರೆ ಬೇರೆ ತಗೊಳ್ತೀರಿ. ಸೈಕಲ್ ಫೋರ್ಕ್ ಮೇಲೆ ಪ್ರತಿ ಗುಂಡಿಗೂ, ಪ್ರತಿ ಬ್ರೇಕಿಗೂ ಒತ್ತಡ ಬೀಳುತ್ತದೆ, ಬಿರುಕು ಒಳಗೇ ಬೆಳೆಯುತ್ತದೆ. ಓಡುವಾಗ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ, ಕೈ ಊರಲೂ ಸಮಯ ಸಿಗುವುದಿಲ್ಲ. ಭಯ ಅದಕ್ಕೇ.

ಬೈಕ್ ಹುಚ್ಚು:
ಮೋಟಾರ್‌ಬೈಕ್ ಇರುವವರಿಗೆ ಒಂದು ಮಾತು. ಬಿದ್ದ ಮೇಲೆ ಹ್ಯಾಂಡಲ್ ಸೊಟ್ಟ ಕಂಡ ತಕ್ಷಣ ಫೋರ್ಕ್ ಬೆಂಡ್ ಅಂದುಕೊಳ್ಳಬೇಡಿ. ಎಷ್ಟೋ ಸಲ ಪೈಪ್‌ಗಳು ಕ್ಲ್ಯಾಂಪಿನಲ್ಲಿ ತಿರುಚಿಕೊಂಡಿರುತ್ತವೆ ಅಷ್ಟೇ. ಕ್ಲ್ಯಾಂಪ್ ಬೋಲ್ಟ್, ಆಕ್ಸಲ್ ಸಡಿಲ ಮಾಡಿ ನೇರಕ್ಕೆ ತಂದು ಮತ್ತೆ ಬಿಗಿ ಮಾಡಿದರೆ ಸರಿಹೋಗುತ್ತದೆ. ನಿಜವಾಗಿ ಬಾಗಿದ್ದರೆ ಪೈಪ್ ಬಿಚ್ಚಿ ದಪ್ಪ ಗಾಜಿನ ಮೇಲೆ ಉರುಳಿಸಿ, ಎದ್ದು ಕೂತು ಉರುಳುತ್ತದೆ. ಸಾಮಾನ್ಯವಾಗಿ ಕೆಳಗಿನ ಕ್ಲ್ಯಾಂಪಿನ ಹತ್ತಿರವೇ ಬಾಗಿರುತ್ತದೆ. ಪ್ರೆಸ್‌ನಲ್ಲಿ ನೇರ ಮಾಡುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಕ್ರೋಮ್ ಬಿರುಕು ಬಿಟ್ಟಿದ್ದರೆ ಆಯಿಲ್ ಸೀಲ್ ಬೇಗ ಹರಿಯುತ್ತದೆ, ಎಣ್ಣೆ ಸೋರುತ್ತದೆ.

ಗೋದಾಮು:
ಫೋರ್ಕ್‌ಲಿಫ್ಟ್ ಕೆಲಸದವನು ನಾನು. ನಮ್ಮಲ್ಲಿ ಕಣ್ಣಂದಾಜು ನಡೆಯುವುದಿಲ್ಲ, ಐಎಸ್‌ಒ 5057 ಅಂತ ನಿಯಮವೇ ಇದೆ. ಎರಡು ಫೋರ್ಕ್ ತುದಿಗಳ ಎತ್ತರದಲ್ಲಿ ಉದ್ದದ ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅಥವಾ ದಪ್ಪ ಶೇ. 10ರಷ್ಟು ಸವೆದಿದ್ದರೆ ಕೆಲಸದಿಂದ ತೆಗೆಯಬೇಕು. ಶೇ. 10 ಏನು ಮಹಾ ಅನ್ನಿಸಬಹುದು. ಆದರೆ ಬಾಗದೆ ತಡೆಯುವ ಶಕ್ತಿ ದಪ್ಪದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಹಾಗಾಗಿ ಸುಮಾರು ಶೇ. 20ರಷ್ಟು ತಾಕತ್ತು ಹೋಗಿರುತ್ತದೆ. ಕಾಯಿಸಿ ಬಡಿಯುವುದು, ವೆಲ್ಡ್ ಮಾಡುವುದು ದಯವಿಟ್ಟು ಬೇಡ, ಕೆಳಗೆ ಜನ ಓಡಾಡುತ್ತಿರುತ್ತಾರೆ.

ಶ್ರುತಿಪ್ರಿಯ:
ಟ್ಯೂನಿಂಗ್ ಫೋರ್ಕ್ ಕೂಡ ಸೇರಿಸಿಬಿಡುತ್ತೇನೆ. ಅದರ ಎರಡು ಕಾಲುಗಳು ಎದುರುಬದುರಾಗಿ ಒಂದೇ ಅಳತೆಯಲ್ಲಿ ಕಂಪಿಸುವುದರಿಂದಲೇ ಹಿಡಿಕೆ ಹೆಚ್ಚು ಅಲ್ಲಾಡದೆ ನಾದ ಉಳಿಯುತ್ತದೆ. ಒಂದು ಕಾಲು ಬಾಗಿದರೆ ಆ ಜೋಡಿ ತಪ್ಪಿ ಕಂಪನ ಹಿಡಿಕೆಯಿಂದ ಕೈಗೆ ಸೋರಿ ಹೋಗುತ್ತದೆ, ನಾದ ಬೇಗ ಸಾಯುತ್ತದೆ. ಸುಮ್ನೆ ಸುತ್ತಿಗೆ ಹಾಕಬೇಡಿ. ತುದಿ ಸ್ವಲ್ಪ ಉಜ್ಜಿದರೂ ಶ್ರುತಿ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ, ಅಷ್ಟು ಸೂಕ್ಷ್ಮ.

ಎರಡುಗಾಲಿ:
ಎಲ್ಲರಿಗೂ ಥ್ಯಾಂಕ್ಸ್. ಮ್ಯಾಗ್ನೆಟ್ ಹಿಡಿಯಿತು. ಫ್ರೇಮ್ ಅಡಿಯಲ್ಲಿ ನೆರಿಗೆ ಇಲ್ಲ, ಬಣ್ಣ ನುಣ್ಣಗಿದೆ. ಆದರೆ ಮೇಲಿನ ಪೈಪಿಗೆ ಸ್ಕೇಲ್ ಇಟ್ಟರೆ ಬುಡದಲ್ಲಿ ಬೆಳಕು ಕಾಣುತ್ತಿದೆ.

ಸ್ಪ್ಯಾನರ್ ಕೈ:
ಹಾಗಾದರೆ ಬೆಂಡ್ ತೆಗೆಸಬೇಡಿ, ಹೊಸದು ಹಾಕಿಸಿ. ತರುವ ಮೊದಲು ಆ ಪೈಪಿನ ಹೊರ ಅಡ್ಡಳತೆ ನೋಡಿ, 25.4 ಮಿ.ಮೀ. ಅಥವಾ 28.6 ಮಿ.ಮೀ. ಇರುವ ಸಾಧ್ಯತೆ ಜಾಸ್ತಿ. ಮೇಲ್ತುದಿಯಲ್ಲಿ ಥ್ರೆಡ್ ಇದೆಯಾ, ಯಾವ ಬ್ರೇಕ್, ಕಾಲಿನ ಉದ್ದ ಎಷ್ಟು ಅಂತಲೂ ಬರೆದುಕೊಳ್ಳಿ. ಹಳೇ ಫೋರ್ಕ್ ಬಾಗಿರುವುದರಿಂದ ಅದರ ಉದ್ದ ನಂಬಬೇಡಿ, ಅದೇ ಮಾಡೆಲ್‌ನ ಬೇರೆ ಸೈಕಲ್ ಸಿಕ್ಕರೆ ಅದರಲ್ಲಿ ಅಳೆಯಿರಿ.