ಡ್ರಮ್ಮಿನಲ್ಲಿ ಒದ್ದಾಡುತ್ತಿರುವಾಗಲೇ ಬಿಸಿನೀರಿಗೆ ಹಾಕಿದ ಕೋಳಿ: ಆ ಮಾಂಸ ತಿನ್ನಲು ಯೋಗ್ಯವೇ?

ತುಮಕೂರಿನ ಗೃಹಿಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಾಂಸಾಹಾರಿ ಕುಟುಂಬ. ಭಾನುವಾರ ಕೋಳಿ ಸಾರು ತಪ್ಪುವುದಿಲ್ಲ. ಹಿಂದಿನ ವಾರ ನಮ್ಮ ಬಡಾವಣೆಯ ಅಂಗಡಿಯಲ್ಲಿ ನನಗಿಂತ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಕೆಲಸದ ಹುಡುಗ ಗೂಡಿನಿಂದ ಕೋಳಿಯನ್ನು ರೆಕ್ಕೆ ಹಿಡಿದು ಎಳೆದು, ತೂಗಿ, ಕತ್ತು ಕೊಯ್ದು ನೀಲಿ ಡ್ರಮ್ಮಿಗೆ ಎಸೆಯುತ್ತಿದ್ದ. ನಾನು ಚರ್ಮ ಸಮೇತ ಬೇಕೆಂದು ಕೇಳಿದ್ದೆ. ಡ್ರಮ್ಮಿನೊಳಗೆ ರೆಕ್ಕೆ ಬಡಿಯುವ ಸದ್ದು ಇನ್ನೂ ಕೇಳುತ್ತಿರುವಾಗಲೇ ಅವನು ಪುಕ್ಕ ಕೀಳಲೆಂದು ಕೋಳಿಯನ್ನು ಎತ್ತಿ ಬಿಸಿನೀರಿನ ಹಂಡೆಗೆ ಅದ್ದಿದ. ಅದರ ಕಣ್ಣುರೆಪ್ಪೆ ಮುಚ್ಚಿ ತೆರೆದದ್ದನ್ನು ನಾನು ಕಣ್ಣಾರೆ ಕಂಡೆ. ಹಂಡೆಯ ನೀರು ಬೆಳಗಿನಿಂದ ಬದಲಾಗದೆ ಕಂದು ಬಣ್ಣಕ್ಕೆ ತಿರುಗಿತ್ತು.

ಮನೆಗೆ ತಂದೆ, ಅಡುಗೆಯನ್ನೂ ಮಾಡಿದೆ, ಆದರೆ ನನಗೆ ಊಟ ಸೇರಲಿಲ್ಲ. ಅತ್ತೆಯವರು "ಹಿತ್ತಲಲ್ಲಿ ನಾವೇ ಕೊಯ್ಯುತ್ತಿದ್ದಾಗ ತಣ್ಣಗಾಗುವವರೆಗೆ ಮುಟ್ಟುತ್ತಿರಲಿಲ್ಲ" ಎಂದರು. ಇದು ಕೇವಲ ಮನಸ್ಸಿಗೆ ನೋವು ಕೊಡುವ ಸಂಗತಿಯೇ, ಅಥವಾ ಮಾಂಸಕ್ಕೂ ದೋಷ ತಟ್ಟುತ್ತದೆಯೇ? ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ ಎಂಬ ಮಾತು ಎಷ್ಟು ನಿಜ? ಇದನ್ನು ತಡೆಯುವ ಕಾನೂನು ಇದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಪಶುವೈದ್ಯ

ನಿಮ್ಮ ಅತ್ತೆಯವರು ಹೇಳಿದ ಮಾತಿನಲ್ಲಿಯೇ ಅರ್ಧ ಉತ್ತರವಿದೆ, ತಾಯಿ. ಕತ್ತಿನ ರಕ್ತನಾಳಗಳನ್ನು ಸರಿಯಾಗಿ ಕತ್ತರಿಸಿದ ಮೇಲೆ ರಕ್ತ ಬಸಿದುಹೋಗಲು ಕನಿಷ್ಠ ಒಂದೂವರೆಯಿಂದ ಎರಡು ನಿಮಿಷ ಬೇಕು. ಅಷ್ಟು ಕಾಯದೆ ಬಿಸಿನೀರಿಗೆ ಹಾಕಿದರೆ ಎರಡು ಅನಾಹುತಗಳಾಗುತ್ತವೆ. ರಕ್ತ ಮಾಂಸದಲ್ಲೇ ಉಳಿದು, ಚರ್ಮ ಕೆಂಪೇರಿ, ಮಾಂಸ ಬೇಗ ಹಳಸುತ್ತದೆ. ಇನ್ನೂ ಉಸಿರಾಡುತ್ತಿರುವ ಹಕ್ಕಿಯಾದರೆ, ಹಿಂದಿನ ಕೋಳಿಗಳ ಹಿಕ್ಕೆ ಮತ್ತು ಕೊಳೆ ಬೆರೆತ ಆ ಕಂದು ನೀರನ್ನು ತನ್ನ ಶ್ವಾಸಕೋಶದೊಳಕ್ಕೆ ಎಳೆದುಕೊಳ್ಳುತ್ತದೆ. ಹಕ್ಕಿಗೆ ಆ ಕ್ಷಣದಲ್ಲಿ ಆಗುವ ಯಾತನೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ದೋಷ ಅಂಗಡಿಯಲ್ಲೇ ಶುರುವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಬಿಸಿಲಲ್ಲಿ, ಒಂದರ ಮೇಲೊಂದು ಕ್ರೇಟು ಪೇರಿಸಿದ ಗಾಡಿಯಲ್ಲಿ, ನೀರಿಲ್ಲದೆ ಬಂದ ಕೋಳಿ ತೀವ್ರ ಒತ್ತಡದಲ್ಲಿರುತ್ತದೆ, ಮತ್ತು ಒತ್ತಡಕ್ಕೆ ಸಿಕ್ಕ ಹಕ್ಕಿಯ ಕರುಳಿನಿಂದ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂತಹ ರೋಗಾಣುಗಳು ಹಿಕ್ಕೆಯಲ್ಲಿ ಹೆಚ್ಚಾಗಿ ಹೊರಬರುತ್ತವೆ. ಮೇಲಿನ ಕ್ರೇಟಿನ ಹಿಕ್ಕೆ ಕೆಳಗಿನ ಕೋಳಿಯ ಪುಕ್ಕದ ಮೇಲೆ, ಅಲ್ಲಿಂದ ಹಂಡೆಯ ನೀರಿಗೆ, ಹಂಡೆಯಿಂದ ಕೊಚ್ಚುವ ಮರದ ಕೊರಡಿಗೆ, ಕೊರಡಿನಿಂದ ನಿಮ್ಮ ಚೀಲಕ್ಕೆ ಬರುತ್ತದೆ. ಹಕ್ಕಿಯನ್ನು ಹಿಂಸಿಸುವ ಅವಸರವೂ ಮಾಂಸವನ್ನು ಕೆಡಿಸುವ ಅವಸರವೂ ನನ್ನ ದೃಷ್ಟಿಯಲ್ಲಿ ಬೇರೆ ಬೇರೆಯಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು: ಹಸಿ ಮಾಂಸವನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯಬೇಡಿ, ಏಕೆಂದರೆ ಹನಿಗಳು ಸಿಡಿದು ಪಕ್ಕದ ಪಾತ್ರೆ, ಸೊಪ್ಪು, ತರಕಾರಿಗೆಲ್ಲ ತಾಗುತ್ತವೆ. ಮೂಳೆಯ ಬಳಿ ಗುಲಾಬಿ ಬಣ್ಣ ಹೋಗುವವರೆಗೆ, ಒಳಗೂ 75 ಡಿಗ್ರಿ ಶಾಖ ತಲುಪುವಂತೆ ಬೇಯಿಸಿದರೆ ಈ ರೋಗಾಣುಗಳು ಸಾಯುತ್ತವೆ. ನಮ್ಮ ಸಾರಿನ ಕುದಿಗೆ ಅದು ಕಷ್ಟವಲ್ಲ. ಹಸಿ ಮಾಂಸ ಕತ್ತರಿಸಿದ ಮಣೆಯಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದರಿಂದಲೇ ನಾನು ಕಂಡಂತೆ ಹೆಚ್ಚು ತೊಂದರೆ.

ಶೆಡ್ಡಿನ ರೈತ

ಇಂಜೆಕ್ಷನ್ ವಿಚಾರಕ್ಕೆ ನಾನು ಉತ್ತರಿಸುತ್ತೇನೆ. ಹನ್ನೊಂದು ವರ್ಷದಿಂದ ಕಂಪನಿಯೊಂದರ ಕಾಂಟ್ರಾಕ್ಟಿನಲ್ಲಿ ಬಾಯ್ಲರ್ ಕೋಳಿ ಸಾಕುತ್ತಿದ್ದೇನೆ. ಮರಿ, ಫೀಡು, ಔಷಧ ಅವರದು. ಶೆಡ್ಡು, ಭತ್ತದ ಹೊಟ್ಟು, ಕರೆಂಟು, ದುಡಿಮೆ ನಮ್ಮದು. ಹಾರ್ಮೋನ್ ಚುಚ್ಚಿ ಬೆಳೆಸುತ್ತಾರೆಂಬುದು ಸುಳ್ಳು. ಸುಮಾರು ನಲವತ್ತು ದಿನಕ್ಕೆ ಎರಡು ಕೆಜಿ ದಾಟುವಂತೆ ತಳಿಯನ್ನೇ ಹಾಗೆ ರೂಪಿಸಿದ್ದಾರೆ. ಅದರ ಬೆಲೆಯನ್ನು ಹಕ್ಕಿಯೇ ತೆರುತ್ತದೆ: ಕೊನೆಯ ವಾರದಲ್ಲಿ ಮೈಭಾರ ತಾಳಲಾರದೆ ಕಾಲು ಮಡಚಿ ಕೂತೇ ಇರುವ, ನೀರಿನ ಡ್ರಿಂಕರ್‌ವರೆಗೂ ನಡೆಯಲಾಗದ ಕೋಳಿಗಳನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಅವುಗಳನ್ನು ಕೈಯಲ್ಲಿ ಎತ್ತಿ ನೀರಿನ ಬಳಿ ಬಿಡುವುದು ನನ್ನ ಹೆಂಡತಿಯ ಬೆಳಗಿನ ಕೆಲಸ.

ನಿಜವಾದ ಆತಂಕ ಆಂಟಿಬಯೋಟಿಕ್‌ನದು. ಮನುಷ್ಯರಿಗೆ ಬೇರಾವ ಔಷಧವೂ ನಾಟದಿದ್ದಾಗ ವೈದ್ಯರು ಕೊನೆಗೆ ಕೈಗೆತ್ತಿಕೊಳ್ಳುವ ಕೋಲಿಸ್ಟಿನ್ ಅನ್ನು ಒಂದು ಕಾಲದಲ್ಲಿ ಕೋಳಿಗಳಿಗೂ ಕೊಡುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ನಿಷೇಧಿಸಿತು. ಉಳಿದ ಔಷಧಗಳನ್ನು ಕೊಟ್ಟ ಮೇಲೆ ಇಂತಿಷ್ಟು ದಿನ ಬಿಟ್ಟೇ ಕೋಳಿ ಮಾರಬೇಕು. ಮಾರುಕಟ್ಟೆ ದರ ಏರಿದಾಗ ಆ ದಿನಗಳನ್ನು ಲೆಕ್ಕ ಹಾಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಎಂದು ಮಾತ್ರ ಹೇಳಬಲ್ಲೆ.

ರಾತ್ರಿ ಲಿಫ್ಟಿಂಗ್‌ಗೆ, ಅಂದರೆ ಬೆಳೆದ ಕೋಳಿಗಳನ್ನು ಹಿಡಿದು ಒಯ್ಯಲು, ಬರುವವರು ಒಂದೊಂದು ಕೈಯಲ್ಲಿ ನಾಲ್ಕೈದು ಕೋಳಿಗಳ ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಕ್ರೇಟಿಗೆ ತುಂಬುತ್ತಾರೆ. ರೆಕ್ಕೆ ಮುರಿದ ಸದ್ದು ಕೇಳಿಸುತ್ತದೆ. ಅಂಗಡಿಯಲ್ಲಿ ಮಾಂಸದ ಮೇಲೆ ನೀಲಿ ಕಲೆ ಕಂಡರೆ ಅದು ಅಂದಿನ ಪೆಟ್ಟು. ನಾನು ಎರಡೆರಡೇ ಹಿಡಿಯಿರಿ ಎಂದು ಪಟ್ಟು ಹಿಡಿದಿದ್ದರಿಂದ ಒಮ್ಮೆ ಗಾಡಿ ಎರಡು ಗಂಟೆ ತಡವಾಗಿ, ಮೇಲ್ವಿಚಾರಕರಿಂದ ಮಾತು ಕೇಳಬೇಕಾಯಿತು.

ಹಾಸನದ ವಕೀಲೆ

ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನುಳಿದು ಯಾವುದೇ ಜೀವಿಯೂ ಪ್ರಾಣಿಯೇ. ಕೋಳಿ ಅದರಿಂದ ಹೊರಗಲ್ಲ. ಅನಗತ್ಯ ನೋವಾಗುವಂತೆ ಸಾಗಿಸುವುದು, ಅಲುಗಾಡಲು ಜಾಗವಿಲ್ಲದ ಗೂಡಿನಲ್ಲಿಡುವುದು 11ನೇ ಕಲಮಿನಡಿ ಅಪರಾಧ. ಆದರೆ ಮೊದಲ ತಪ್ಪಿಗೆ ಅಲ್ಲಿ ನಮೂದಾಗಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ! ದಿನಕ್ಕೆ ಹತ್ತು ಅಥವಾ ಹೆಚ್ಚು ಪ್ರಾಣಿಗಳನ್ನು ವಧಿಸುವ ಕಸಾಯಿಖಾನೆಗಳಿಗೆ ಅನ್ವಯಿಸುವ 2001ರ ನಿಯಮಗಳು, ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ವಧಿಸಬಾರದು ಎನ್ನುತ್ತವೆ.

ದಂಡದ ಮೊತ್ತ ನೋಡಿ ಕೈಚೆಲ್ಲಬೇಡಿ. ಆಹಾರ ಸುರಕ್ಷತೆಯ ದಾರಿ ಇದಕ್ಕಿಂತ ಗಟ್ಟಿಯಾದದ್ದು. ಅಂಗಡಿಯಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಅಥವಾ ನೋಂದಣಿಯ 14 ಅಂಕಿಗಳ ಸಂಖ್ಯೆ ಕಾಣುವಂತೆ ತೂಗುಹಾಕಿರಬೇಕು. ಅದನ್ನು ಬರೆದುಕೊಂಡು, ಹಂಡೆಯ ನೀರಿನ ಫೋಟೋದೊಂದಿಗೆ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಪಾಲಿಕೆಯ ಆರೋಗ್ಯ ವಿಭಾಗಕ್ಕೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ತುಮಕೂರಿನ ಗೃಹಿಣಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದೂರಿಗೆ ಮೊದಲು ಒಮ್ಮೆ ಕೇಳಿ ನೋಡೋಣವೆಂದು ನಿನ್ನೆ, ಜನವಿಲ್ಲದ ಹೊತ್ತಿನಲ್ಲಿ, ಅಂಗಡಿಯ ಮಾಲೀಕರ ಬಳಿ ಮಾತನಾಡಿದೆ. ಅವರು ಸಿಟ್ಟಾಗಲಿಲ್ಲ. ಗಂಟೆಗೊಮ್ಮೆ ನೀರು ಬದಲಿಸಲು ಒಪ್ಪಿದರು. ಆದರೆ "ಭಾನುವಾರ ಎರಡು ನಿಮಿಷ ಕಾಯುವವರು ಯಾರಿದ್ದಾರೆ ಅಕ್ಕ, ಡ್ರಮ್ ಒಂದೇ ಇದೆ" ಎಂದರು. ಡ್ರಮ್ಮಿನ ಬದಲು ಬೇರೇನಾದರೂ ಬಳಸಬಹುದೇ, ಡಾಕ್ಟರೇ?

ನಿವೃತ್ತ ಪಶುವೈದ್ಯ

ಕೋನ್ ಹಾಕಿಸಲು ಹೇಳಿ. ಸ್ಟೀಲ್ ತಗಡಿನಿಂದ ಮಾಡಿದ, ಮೇಲೆ ಅಗಲವಾಗಿ, ಕೆಳಗೆ ತಲೆ ಮತ್ತು ಕತ್ತು ಮಾತ್ರ ಹೊರಬರುವಷ್ಟು ಕಿಂಡಿಯಿರುವ ಆಲಿಕೆಯಂತಹ ಸಾಧನ ಅದು. ಹಕ್ಕಿಯ ರೆಕ್ಕೆಗಳು ಒಳಗೆ ಮೃದುವಾಗಿ ಅದುಮಿಕೊಳ್ಳುವುದರಿಂದ ಅದು ಬಡಿದಾಡಿ ಮೂಳೆ ಮುರಿದುಕೊಳ್ಳುವುದಿಲ್ಲ, ರಕ್ತವೂ ಪೂರ್ತಿ ಬಸಿಯುತ್ತದೆ. ಗೋಡೆಗೆ ಆರು ಕೋನ್‌ಗಳನ್ನು ಸಾಲಾಗಿ ಜೋಡಿಸಿದರೆ, ಆರನೆಯದಕ್ಕೆ ಕೋಳಿ ಹಾಕುವ ಹೊತ್ತಿಗೆ ಮೊದಲನೆಯದರ ಎರಡು ನಿಮಿಷ ಮುಗಿದಿರುತ್ತದೆ. ಗಿರಾಕಿಗಳು ಹೆಚ್ಚು ಕಾಯಬೇಕಾಗಿಲ್ಲ. ನಿಮ್ಮೂರಿನ ಯಾವ ತಗಡು ಕೆಲಸದವರಾದರೂ ಮಾಡಿಕೊಡುತ್ತಾರೆ. ಅಂಚು ಮಾತ್ರ ಮಡಚಿರಬೇಕು, ಹರಿತವಾಗಿರಬಾರದು.