ನೆಲಮಾಳಿಗೆ ತೇವ: ಪೇಂಟ್ ಹೊಡೆದರೆ ಸಾಕಾ?

ಪ್ರಶ್ನೆ: ಬೇಸ್‌ಮೆಂಟ್ ಗೋಡೆಯ ಬುಡದಲ್ಲಿ ಬಿಳಿ ಪುಡಿ ಏಳುತ್ತಿದೆ, ಮೂಲೆಯಲ್ಲಿ ಬೂಷ್ಟು ವಾಸನೆ. ಪಕ್ಕದ ಭಾಗದ ನೆಲದಡಿ ತೆವಳಿ ಹೋಗುವಷ್ಟೇ ಎತ್ತರದ ಕ್ರಾಲ್‌ಸ್ಪೇಸ್ ಇದೆ, ಕೆಳಗೆ ಬರೀ ಮಣ್ಣು. ಒಳಗಡೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

*

ಪೇಂಟ್‌ಗೆ ಆತುರ ಬೇಡ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆ ಗೋಡೆಗೊಂದು, ನೆಲಕ್ಕೊಂದು ಇಟ್ಟು ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಹಚ್ಚಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ನೀರು ಕಾಂಕ್ರೀಟಿನೊಳಗಿಂದಲೇ ಬರುತ್ತಿದೆ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಗಾಳಿಯ ತೇವ ತಣ್ಣನೆ ಗೋಡೆಗೆ ಬೆವರಾಗಿ ಕೂರುತ್ತಿದೆ. ಇವೆರಡಕ್ಕೂ ಮದ್ದು ಬೇರೆ ಬೇರೆ.

ನಿಮ್ಮ ಬಿಳಿ ಪುಡಿ ಬೂಷ್ಟಲ್ಲ, ಉಪ್ಪು. ಗೋಡೆಯೊಳಗೆ ಹಾದುಬಂದ ನೀರು ಕರಗಿಸಿ ತಂದದ್ದನ್ನು ಮೇಲ್ಮೈಯಲ್ಲಿ ಬಿಟ್ಟು ಆರಿಹೋಗಿರುತ್ತದೆ. ಹಾಗಾಗಿ ಹೊರಗಿನ ನೀರಿನ ಮೇಲೇ ನನ್ನ ಅನುಮಾನ. ಆದರೂ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ತಿರುಗುತ್ತದೆಯಾ ನೋಡಿಬಿಡಿ, ಪೈಪ್ ಸೋರಿಕೆ ಇದ್ದರೆ ಅಲ್ಲೇ ಸಿಗುತ್ತದೆ.

*

ಮೇಲಿನವರು ಹೇಳಿದ್ದು ಸರಿ. ಹೊರಗೆ ಸರಿಮಾಡದೆ ಒಳಗೆ ಏನು ಹಚ್ಚಿದರೂ ದಂಡ. 1000 ಚದರಡಿ ಸೂರಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 2300 ಲೀಟರ್ ನೀರು. ಅಷ್ಟೂ ಗೋಡೆಯ ಬುಡಕ್ಕೆ ಸುರಿದರೆ ಹೇಗೆ? ಸೂರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ತೆಗೆಯಿರಿ. ಇಳಿಪೈಪಿನ ಬಾಯಿ ಗೋಡೆಯಿಂದ 6 ಅಡಿಯಾದರೂ ಆಚೆ ಇರಲಿ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿಯಬೇಕು. ಈ ಇಳಿಜಾರಿಗೆ ಮರಳು ತುಂಬಬೇಡಿ, ನೀರು ನೇರ ಕೆಳಗಿಳಿಯುತ್ತದೆ. ಜೇಡಿ ಬೆರೆತ ಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡಿ. ಅಡಿಪಾಯದ ಪಕ್ಕ ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಾ ಹೋಗುತ್ತದೆ, ಅದಕ್ಕೇ ತಗ್ಗು ಬೀಳುವುದು ಗೋಡೆಯ ಮಗ್ಗುಲಲ್ಲೇ. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ, ನೀರು ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

*

ಒಳಗಿನ ಪೇಂಟನ್ನು ನೀರು ಹಿಂದಿನಿಂದ ದೂಡುತ್ತದೆ. ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಕಳಚುವುದು ಅದಕ್ಕೇ. ಒಳಗಡೆಯೇ ಹಚ್ಚುವುದಾದರೆ ಹಳೆ ಪೇಂಟು, ಉಪ್ಪು ಎಲ್ಲ ಉಜ್ಜಿ ತೆಗೆದು, ಗೋಡೆ ನೆನೆಸಿ, ಕಾಂಕ್ರೀಟಿನ ರಂಧ್ರಗಳೊಳಗೆ ಹರಳುಗಟ್ಟುವ ಸಿಮೆಂಟ್ ಲೇಪ ಹಚ್ಚಿ.

ಬಿರುಕಿದ್ದರೆ: ಜಿನುಗುವ ಬಿರುಕಿಗೆ ಪಾಲಿಯುರೆಥೇನ್ ಎಂಬ ರಾಳದ ಇಂಜೆಕ್ಷನ್, ನೀರು ತಾಗಿದರೆ ಉಬ್ಬಿ ತುಂಬಿಕೊಳ್ಳುತ್ತದೆ. ಗಟ್ಟಿಯಾಗಿ ಅಂಟುವ ಎಪಾಕ್ಸಿ ರಾಳ ಒಣ ಬಿರುಕಿಗೆ. ಧಾರೆ ಬರುವಲ್ಲಿ ಹೈಡ್ರಾಲಿಕ್ ಸಿಮೆಂಟ್, ಅಂದರೆ ನೀರಿನಲ್ಲೂ ಬೇಗ ಬಿಗಿಯುವ ಸಿಮೆಂಟ್. ಅದಕ್ಕೆ ಬಿರುಕಿನ ಬಾಯಿಗಿಂತ ತಳ ಅಗಲವಾಗುವಂತೆ ಉಳಿಯಿಂದ 2 ಸೆಂ.ಮೀ. ಕೊರೆಯಬೇಕು. ಬಾಯಿ ಅಗಲವಾದರೆ ಗಟ್ಟಿಯಾದ ತುಂಡು ಹಾಗೇ ಹೊರಕ್ಕೆ ಜಾರುತ್ತದೆ. 3ರಿಂದ 5 ನಿಮಿಷದಲ್ಲಿ ಬಿಗಿಯುವುದರಿಂದ ಮುಷ್ಟಿಯಷ್ಟೇ ಕಲಸಿ. ಅಂಗೈಯಲ್ಲಿ ಉಂಡೆ ಬೆಚ್ಚಗಾಗುತ್ತಿದ್ದಂತೆ ಒತ್ತಿ, ಗಟ್ಟಿಯಾಗುವ ತನಕ ಕೈ ತೆಗೆಯಬೇಡಿ. ಗೋಡೆಯಲ್ಲಿ ಅಡ್ಡ ಬಿರುಕು ಬಿಟ್ಟು ಅದು ಒಳಕ್ಕೆ ಉಬ್ಬಿದ್ದರೆ ಏನನ್ನೂ ಮುಟ್ಟದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

*

ಕ್ರಾಲ್‌ಸ್ಪೇಸ್ ಬಗ್ಗೆ ಯಾರೂ ಹೇಳಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಬರೀ ಮಣ್ಣು ಸದಾ ಆವಿ ಬಿಡುತ್ತಿರುತ್ತದೆ. ಚೂಪು ಕಲ್ಲು ಆರಿಸಿ ಪಾಲಿಥೀನ್ ಹಾಸಿ. 150 ಮೈಕ್ರಾನ್ ಕನಿಷ್ಠ, ಆದರೆ ಆಗಾಗ ಒಳಗೆ ತೆವಳುವವರಿದ್ದರೆ ಅದು ಹರಿಯುತ್ತದೆ, 300ಕ್ಕಿಂತ ಮೇಲಿನದೇ ತನ್ನಿ. ಹಾಳೆಗಳು ಒಂದರ ಮೇಲೊಂದು 30 ಸೆಂ.ಮೀ. ಬರಲಿ, ಸೇರುವಲ್ಲೆಲ್ಲ ಟೇಪ್. ಗೋಡೆಗೂ ಏರಿಸಿ ಪಟ್ಟಿ ಹೊಡೆಯಿರಿ, ಆದರೆ ಮೇಲಿನ ಮರದ ತೊಲೆಗಿಂತ 3 ಇಂಚು ಕೆಳಗೇ ನಿಲ್ಲಿಸಿ. ಗೆದ್ದಲಿನ ಮಣ್ಣುಗೆರೆ ಕಾಣಬೇಕಾದ ಜಾಗ ಅದು. ಮರದ ತೇವ 20 ಶೇಕಡ ದಾಟದಿರಲಿ, ಪಿನ್ ಚುಚ್ಚುವ ಮೀಟರಿನಲ್ಲಿ ಆಗಾಗ ನೋಡಿ.

ಗಾಳಿಕಿಂಡಿ ತೆರೆದಿಟ್ಟರೆ ಒಣಗುತ್ತದೆ ಅಂತ ನಂಬಿಕೆ. ಸೆಕೆಗಾಲದಲ್ಲಿ ಆಗುವುದು ತಿರುಗಾಮುರುಗಾ. ಹೊರಗೆ 30 ಡಿಗ್ರಿ, 80 ಶೇಕಡ ತೇವಾಂಶ ಇದ್ದರೆ ಆ ಗಾಳಿ 26 ಡಿಗ್ರಿಗೇ ಹನಿಗಟ್ಟುತ್ತದೆ. 22 ಡಿಗ್ರಿಯ ತೊಲೆಗೆ ತಾಗಿದರೆ ನೀರಾಗದೆ ಇನ್ನೇನು? ಬೇಸ್‌ಮೆಂಟ್ ಕಿಟಕಿಗೂ ಇದೇ ಲೆಕ್ಕ.

*

ಕಿಂಡಿ ಮುಚ್ಚುವ ಮುನ್ನ ಒಂದು ಮಾತು. ಅಲ್ಲಿ ಗ್ಯಾಸ್ ಹೀಟರ್, ಬಾಯ್ಲರ್ ಏನಾದರೂ ಉರಿಯುತ್ತಿದ್ದರೆ ಅದಕ್ಕೆ ಹೊರಗಿನ ಗಾಳಿಯ ಪ್ರತ್ಯೇಕ ಪೈಪ್ ಆಗಲೇಬೇಕು. ಇಲ್ಲದಿದ್ದರೆ ಹೊಗೆ ಒಳಕ್ಕೇ ತಿರುಗಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಜೀವಕ್ಕೇ ಅಪಾಯ. ಮುಚ್ಚಿದ ಮೇಲೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟು ತೇವಾಂಶ 50ರ ಆಸುಪಾಸು ಇರಿಸಿ, 60 ದಾಟಿದರೆ ಬೂಷ್ಟು. ಬಕೆಟ್ ತುಂಬಿದರೆ ಯಂತ್ರ ನಿಲ್ಲುತ್ತದೆ, ಇಳಿಜಾರಿನ ಕೊಳವೆಯಲ್ಲಿ ನೀರು ತಾನೇ ಹೋಗುವಂತೆ ಮಾಡಿ.

*

ಇಷ್ಟಾದರೂ ನೆಲ-ಗೋಡೆ ಸೇರುವ ಸಂದಿಯಲ್ಲಿ ನೀರು ಉಕ್ಕಿದರೆ ಅಂತರ್ಜಲ ಮೇಲೇರಿದೆ ಅಂತಲೇ. ಆಗ ಒಳ ಅಂಚಿನುದ್ದಕ್ಕೂ ಜಲ್ಲಿಯಲ್ಲಿ 4 ಇಂಚಿನ ತೂತಿನ ಪೈಪ್, ತೂತು ಕೆಳಮುಖ, ಮೀಟರಿಗೆ 1 ಸೆಂ.ಮೀ. ಇಳಿಜಾರು, ಕೊನೆಗೆ ಗುಂಡಿಯಲ್ಲಿ ಕೂಡಿದ ನೀರನ್ನು ಹೊರಹಾಕುವ ಸಂಪ್ ಪಂಪ್. ನೀರು ವಾಪಸ್ ಬರದಂತೆ ಚೆಕ್ ವಾಲ್ವ್, ಕರೆಂಟ್ ಹೋಗುವುದೇ ಬಿರುಮಳೆಯಲ್ಲಾದ್ದರಿಂದ ಬ್ಯಾಟರಿ ಪಂಪ್ ಕೂಡ. ಮೂರು ತಿಂಗಳಿಗೊಮ್ಮೆ ಗುಂಡಿಗೆ ಬಕೆಟ್ ನೀರು ಸುರಿದು, ಪಂಪ್ ಚಾಲೂ ಮಾಡುವ ತೇಲುಗುಂಡು (ಫ್ಲೋಟ್) ಏಳುತ್ತದೆಯಾ ನೋಡಿ.

ಎಂದಾದರೂ ಬೇಸ್‌ಮೆಂಟ್ ಪೂರ್ತಿ ತುಂಬಿದರೆ ಒಂದೇ ಸಲಕ್ಕೆ ಖಾಲಿ ಮಾಡಬೇಡಿ. ಹೊರಗಿನ ನೆನೆದ ಮಣ್ಣು ಒತ್ತಿ ಗೋಡೆಯೇ ಒಳಕ್ಕೆ ಬೀಳಬಹುದು. ಹೊರಗಿನ ನೀರು ಇಳಿದ ಮೇಲೆ 1 ಅಡಿ ತೆಗೆದು ಗುರುತು ಹಾಕಿ, ರಾತ್ರಿ ಕಾಯಿರಿ. ಮಟ್ಟ ಮತ್ತೆ ಏರಿದ್ದರೆ ಇನ್ನೂ ಕಾಯಬೇಕು.